ಮತದಾನದ ವಯಸ್ಸನ್ನು 18ಕ್ಕೆ ಇಳಿಸುವ ಮಸೂದೆ ಮಂಡಿಸಿದ್ದು ಚಿಕ್ಕೋಡಿಯ ಸಂಸದರು. ಬಿ. ಶಂಕರಾನಂದರ ಬಗ್ಗೆ ಮಕ್ಕಳಿಗೆ ಏನು ಹೇಳಲಿ?

ಚಿಕ್ಕೋಡಿ ಮಾಸ್ತರ (ಚರ್ಚೆ ಆರಂಭಿಸಿದವರು)

ನಾನು ಚಿಕ್ಕೋಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಚುನಾವಣೆಯ ಪಾಠ ನಡೆದಿತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು ಎಂದು ಪ್ರತಿವರ್ಷದಂತೆ ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಅದನ್ನ ತಂದವರು ಯಾರ್ರಿ?" ಎಂದಳು. ರಾಜೀವ್ ಗಾಂಧಿಯವರ ಸರ್ಕಾರ ಎಂದು ಹೇಳಿ ಮುಂದಿನ ಸಾಲಿಗೆ ಹೋದೆ.

ರಾತ್ರಿ ಸುಮ್ಮನಿರಲಾಗದೆ ಆ ಮಸೂದೆಯನ್ನು ಹುಡುಕಿ ತೆಗೆದೆ. ಉದ್ದೇಶ ಮತ್ತು ಕಾರಣಗಳ ಹೇಳಿಕೆಯ ಕೆಳಗೆ ಬಿ. ಶಂಕರಾನಂದ ಎಂಬ ಹೆಸರಿತ್ತು. 1988ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಅದನ್ನು ಮಂಡಿಸಿದವರು ನಾನು ಪಾಠ ಮಾಡುವ ಈ ಕ್ಷೇತ್ರದಿಂದಲೇ ಆರಿಸಿ ಹೋದವರು ಎಂಬುದು ಹದಿನಾರು ವರ್ಷ ಈ ಪಾಠ ಮಾಡಿದ ನನಗೇ ಗೊತ್ತಿರಲಿಲ್ಲ. ಮರುದಿನ ಶಿಕ್ಷಕರ ಕೊಠಡಿಯಲ್ಲಿ ಕೇಳಿದರೆ ಇಬ್ಬರು "ಅವರು ಕೇಂದ್ರದಲ್ಲಿ ಮಂತ್ರಿ ಇದ್ದರು" ಎಂದರು, ಒಬ್ಬರು ಫಿರಂಗಿ ಖರೀದಿಯ ಲಂಚದ ಹಗರಣ ನೆನೆದು "ಬೋಫೋರ್ಸ್" ಎಂದರು, ಉಳಿದವರು ಚಹಾ ಕುಡಿದರು.

1967ರಿಂದ 1996ರವರೆಗೆ ಇಪ್ಪತ್ತೊಂಬತ್ತು ವರ್ಷ ಒಂದೇ ಕ್ಷೇತ್ರವನ್ನು ಪ್ರತಿನಿಧಿಸಿದವರ ನೆನಪು ಇಷ್ಟು ತೆಳುವಾದದ್ದು ಹೇಗೆ? ಮಕ್ಕಳ ಮುಂದೆ ಒಂದು ತರಗತಿಯ ಅವಧಿಯಲ್ಲಿ ಅವರನ್ನು ಹೇಗೆ ಪರಿಚಯಿಸಬೇಕು? ಹೊಗಳಿಕೆಯ ಭಾಷಣ ನನಗೆ ಬೇಡ, ಬೈಗುಳವೂ ಬೇಡ. ತಿಳಿದವರು ತಿದ್ದಿ, ತುಂಬಿ.

ಹಿರಣ್ಯಕೇಶಿ

ಅವರು ಎಂಟು ಬಾರಿ ಗೆದ್ದಿದ್ದಾರೆ. ನಮ್ಮ ತಂದೆ ಯಾವಾಗಲೂ ಹಾಗೆಯೇ ಹೇಳುತ್ತಿದ್ದರು.

ರಾಯಬಾಗದ ವಕೀಲೆ

ತಂದೆಯವರ ಮಾತನ್ನು ಅಲ್ಲಗಳೆಯುವುದಕ್ಕೆ ಕ್ಷಮಿಸಿ, ಲೆಕ್ಕ ಏಳು: 1967, 1971, 1977, 1980, 1984, 1989, 1991. ಎಂಟನೆಯದು 1996ರದು, ಅದರಲ್ಲಿ ಜನತಾದಳದ ರತ್ನಮಾಲಾ ಸವಣೂರ ಅವರ ಎದುರು ಸೋತರು. ಎಂಟು ಬಾರಿ ನಿಂತರು ಎಂದರೆ ನಿಮ್ಮ ತಂದೆಯವರ ಮಾತೂ ಉಳಿಯುತ್ತದೆ.

ಕೆಂಪು ಬಸ್ಸು

ಮಾಸ್ತರರೇ, ನೆನಪು ತೆಳುವಾಗಲು ಕಾರಣ ಬಹಳ ಸರಳವಾಗಿದೆ. ಕ್ಷೇತ್ರದ ಯಾವ ಬಸ್ ನಿಲ್ದಾಣದ ಮೇಲೂ ಅವರ ಹೆಸರಿಲ್ಲ, ಯಾವ ಸಮುದಾಯ ಭವನದ ಕಲ್ಲಿನ ಮೇಲೂ ನಾನು ಅವರ ಹೆಸರನ್ನು ಕಂಡಿಲ್ಲ. ಇಪ್ಪತ್ತೊಂಬತ್ತು ವರ್ಷ ದೆಹಲಿಯಲ್ಲಿ ಕೂತವರು ಊರಿಗೆ ಒಂದು ಕಲ್ಲು ನೆಡಲಿಲ್ಲ ಎಂದರೆ ಜನ ಏಕೆ ನೆನೆಯಬೇಕು?

ರಾಯಬಾಗದ ವಕೀಲೆ

ಈ ಮಾತನ್ನು ನಾನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀವು ಹುಡುಕುತ್ತಿರುವ ಕಲ್ಲುಗಳನ್ನು ಇಂದಿನ ಸಂಸದರು ನೆಡುವುದು ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ. ಆ ನಿಧಿ ಆರಂಭವಾದದ್ದೇ 1993ರ ಡಿಸೆಂಬರ್‌ನಲ್ಲಿ. ಮೊದಲ ವರ್ಷ ಪ್ರತಿ ಸಂಸದರಿಗೆ 5 ಲಕ್ಷ ರೂಪಾಯಿ, ಮರುವರ್ಷದಿಂದ 1 ಕೋಟಿ. ಈಗಿರುವ ವರ್ಷಕ್ಕೆ 5 ಕೋಟಿ ಬಂದದ್ದು 2011–12ರಿಂದ. ಶಂಕರಾನಂದರ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಇಪ್ಪತ್ತಾರಕ್ಕೂ ಹೆಚ್ಚು ವರ್ಷ ಅಂಥ ನಿಧಿಯೇ ಇರಲಿಲ್ಲ. ಆಗ ರಸ್ತೆ ಬೇಕಾದರೆ ಶಾಸಕರ ಬಳಿ, ತಾಲ್ಲೂಕು ಬೋರ್ಡಿನ ಬಳಿ ಹೋಗಬೇಕಿತ್ತು. ನಮ್ಮ ಅಜ್ಜ ಶಾಸಕರನ್ನು ಆಮದಾರ ಎಂದೂ ಸಂಸದರನ್ನು ಖಾಸದಾರ ಎಂದೂ ಕರೆಯುತ್ತಿದ್ದರು, ಮತ್ತು ಯಾವ ಅರ್ಜಿ ಯಾರಿಗೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸಂಸದರ ಕೆಲಸ ಕಾನೂನು ಮಾಡುವುದು. ಆ ಅಳತೆಯಿಂದ ಅಳೆದು ಬೈಯುವುದಾದರೆ ಬೈಯಿರಿ.

ಕೆಂಪು ಬಸ್ಸು

ನಿಧಿಯ ಇಸವಿ ನನಗೆ ತಿಳಿದಿರಲಿಲ್ಲ, ಒಪ್ಪಿದೆ. ಆದರೆ ಕೇಂದ್ರ ಸಚಿವರಾಗಿದ್ದವರಿಗೆ ನಿಧಿ ಬೇಕಿತ್ತೇ? ಒಂದು ಕಾರ್ಖಾನೆಯನ್ನಾದರೂ ತರಬಹುದಿತ್ತು.

ಕಣಗಲಾ ಕ್ರಾಸ್

ತಂದರಲ್ಲ! ನಿಪ್ಪಾಣಿಯಿಂದ ಸಂಕೇಶ್ವರದ ಕಡೆ ಹೆದ್ದಾರಿಯಲ್ಲಿ ಬಂದರೆ ನಮ್ಮ ಕಣಗಲಾ ಸಿಗುತ್ತದೆ. ಅಲ್ಲಿ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆ ಇದೆ, ಈಗ ಅದಕ್ಕೆ ಎಚ್‌ಎಲ್‌ಎಲ್ ಲೈಫ್‌ಕೇರ್ ಎನ್ನುತ್ತಾರೆ. ಕೇರಳದಲ್ಲಿ ಹುಟ್ಟಿದ ಕಂಪನಿ ಅದು, ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿದೆ. ಬೆಳಗಾವಿ ಜಿಲ್ಲೆಯ ಈ ಘಟಕ ಆರಂಭವಾದದ್ದು 1985ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ, 1980ರಿಂದ 1984ರವರೆಗೆ, ಇಂದಿರಾ ಗಾಂಧಿಯವರ ಸಂಪುಟದಲ್ಲಿ ಆರೋಗ್ಯ ಸಚಿವರಾಗಿದ್ದವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ರಬ್ಬರ್ ಗಿಡ ಒಂದೂ ಇಲ್ಲದ ಈ ಸೀಮೆಗೆ ಆ ಕಾರ್ಖಾನೆ ತಾನಾಗಿಯೇ ನಡೆದುಕೊಂಡು ಬರಲಿಲ್ಲ ಎಂದು ನಮ್ಮೂರಿನವರು ನಂಬುತ್ತಾರೆ.

ಅಲ್ಲಿ ತಯಾರಾಗುವುದು ಕುಟುಂಬ ಯೋಜನೆಯ ಸಾಮಗ್ರಿ. ನನ್ನ ಚಿಕ್ಕಪ್ಪ ಅಲ್ಲಿ ನೌಕರಿಗೆ ಸೇರಿದಾಗ ಬೀಗರಿಗೆ "ರಬ್ಬರ್ ಫ್ಯಾಕ್ಟರಿ" ಎಂದಷ್ಟೇ ಹೇಳಿ ಮದುವೆ ಮಾಡಿದರು. ನಿಶ್ಚಯದ ದಿನ ಬೀಗರು "ಬೂಟು ಮಾಡ್ತಾರೇನ್ರಿ?" ಎಂದು ಕೇಳಿದಾಗ ನಮ್ಮ ಅಜ್ಜಿ ಶ್ಯಾವಿಗೆ ಪಾಯಸ ಬಡಿಸುತ್ತ "ಹೂಂ, ಅಂಥದ್ದೇ" ಎಂದರಂತೆ. ಮೂವತ್ತು ವರ್ಷ ದುಡಿದು ಪಿ.ಎಫ್. ತೆಗೆದುಕೊಂಡು ಮನೆ ಕಟ್ಟಿದರು.

ಹಿರಣ್ಯಕೇಶಿ

"ಅಂಥದ್ದೇ" ಎಂದ ನಿಮ್ಮ ಅಜ್ಜಿಗೆ ಸಾಷ್ಟಾಂಗ ನಮಸ್ಕಾರ.

ನಿಪ್ಪಾಣಿಯ ಓದುಗ

ಆರೋಗ್ಯ ಸಚಿವರ ವಿಷಯ ಬಂದದ್ದರಿಂದ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇರುವ ಒಂದು ಮಾತು. ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. 1981ರಲ್ಲಿ ಬೆಲೆಗಾಗಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಎತ್ತಿನ ಗಾಡಿಗಳನ್ನು ನಿಲ್ಲಿಸಿ ವಾರಗಟ್ಟಲೆ ಕೂತಿದ್ದರು. ಏಪ್ರಿಲ್ 6ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಮಹಾರಾಷ್ಟ್ರದಿಂದ ರೈತ ಮುಖಂಡ ಶರದ್ ಜೋಶಿ ಬಂದು ಆ ಹೋರಾಟಕ್ಕೆ ನಿಂತಿದ್ದು ನಮ್ಮ ಮನೆಯ ಹಿರಿಯರು ಇಂದಿಗೂ ಹೇಳುವ ಕಥೆ. ಆ ಹೊತ್ತಿಗೆ ಈ ಕ್ಷೇತ್ರದ ಸಂಸದರು ದೇಶದ ಆರೋಗ್ಯ ಸಚಿವರು. ತಂಬಾಕಿಗೆ ಒಳ್ಳೆಯ ಬೆಲೆ ಕೊಡಿಸಿ ಎನ್ನುವ ಮತದಾರ ಒಂದು ಕಡೆ, ತಂಬಾಕು ಬಿಡಿ ಎನ್ನಬೇಕಾದ ಖಾತೆ ಇನ್ನೊಂದು ಕಡೆ. 1975ರ ಕಾನೂನು ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಸಿತು, ಬೀಡಿಯನ್ನು ಮುಟ್ಟಲಿಲ್ಲ. ಬೀಡಿಗೂ ಅನ್ವಯಿಸುವ ಕಾನೂನು 2003ರವರೆಗೆ ಬರಲಿಲ್ಲ. ನಡುವಿನ ಆ ವರ್ಷಗಳಲ್ಲಿ ಎರಡು ಬಾರಿ ಆರೋಗ್ಯ ಖಾತೆ ಇವರ ಕೈಯಲ್ಲಿತ್ತು. ಇದಕ್ಕೆ ಅವರೊಬ್ಬರೇ ಹೊಣೆ ಎಂದು ನಾನು ಹೇಳುತ್ತಿಲ್ಲ, ದೇಶದಲ್ಲಿ ಬೀಡಿ ಕಟ್ಟಿ ಬದುಕುವ ಕೈಗಳು ಬಹಳ ಇದ್ದವು. ನಮ್ಮ ಅಮ್ಮನ ಕೈಯೂ ಅವುಗಳಲ್ಲಿ ಒಂದು. ಮೊರದಲ್ಲಿ ಎಲೆ, ತಂಬಾಕು, ಕತ್ತರಿ ಇಟ್ಟುಕೊಂಡು ಕೂತರೆ ಹೆಬ್ಬೆರಳಿನ ಉಗುರು ಅರಿಶಿನ ಹಚ್ಚಿದಂತೆ ಆಗುತ್ತಿತ್ತು, ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ.

ಮಕ್ಕಳಿಗೆ ಇದನ್ನೂ ಹೇಳಿ. ಸಂಸದನೊಬ್ಬನ ಎರಡು ಕರ್ತವ್ಯಗಳು ಎದುರುಬದುರಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಚಿಕ್ಕೋಡಿ ಮಾಸ್ತರ

ಇದು ನನಗೆ ಹೊಳೆದೇ ಇರಲಿಲ್ಲ. ಟಿಪ್ಪಣಿ ಮಾಡಿಕೊಂಡೆ.

ಅಥಣಿ ಕಾಕಾ

ಎಲ್ಲರೂ ಸುತ್ತಿ ಬಳಸಿ ಮಾತನಾಡುತ್ತಿದ್ದೀರಿ. ಕ್ಷೇತ್ರ ಮೀಸಲಾಗಿತ್ತು, ಕಾಂಗ್ರೆಸ್ ಗಾಳಿ ಬೀಸುತ್ತಿತ್ತು, ಟಿಕೆಟ್ ಸಿಕ್ಕವರು ಗೆದ್ದರು. 1977ರಲ್ಲಿ ಇಡೀ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದವು. ಅಂಥ ಕಾಲದಲ್ಲಿ ಗೆಲ್ಲುವುದು ದೊಡ್ಡ ಮಾತೇ?

ರಾಯಬಾಗದ ವಕೀಲೆ

ಕಾಕಾ, ಗಾಳಿಯ ಮಾತು ಅರ್ಧ ನಿಜ. ಮೀಸಲಿನ ಮಾತನ್ನು ಒಪ್ಪಲಾರೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಳು ಮಾತ್ರ ಪರಿಶಿಷ್ಟ ಜಾತಿಯವರು, ಮತದಾರರು ಎಲ್ಲ ಜಾತಿಯವರು. ಲಿಂಗಾಯತರು, ಜೈನರು, ಕುರುಬರು, ಮರಾಠರು, ಮುಸ್ಲಿಮರು ಎಲ್ಲರೂ ಇರುವ, ನದಿಯ ಈ ದಡಕ್ಕೆ ಕನ್ನಡ ಆ ದಡಕ್ಕೆ ಮರಾಠಿ ಕೇಳಿಸುವ ಕ್ಷೇತ್ರದಲ್ಲಿ ಏಳು ಬಾರಿ ಗೆಲ್ಲುವುದಕ್ಕೆ ಗಾಳಿಯೊಂದೇ ಸಾಲದು. ಟಿಕೆಟ್ ಎನ್ನುತ್ತೀರಿ, ಏಳು ಬಾರಿ ಟಿಕೆಟ್ ಉಳಿಸಿಕೊಳ್ಳುವುದು ಕಡಿಮೆ ಕಷ್ಟವೇ? 1969ರಲ್ಲಿ ಪಕ್ಷ ಒಡೆಯಿತು, 1978ರಲ್ಲಿ ಮತ್ತೆ ಒಡೆಯಿತು, ಅವರು ಎರಡೂ ಬಾರಿ ಉಳಿದುಕೊಂಡರು.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾಯಿತು, ವಿಜಯಪುರ ಮೀಸಲಾಯಿತು. ಆ ಬಳಿಕ ಇಲ್ಲಿಂದ ಪರಿಶಿಷ್ಟ ಜಾತಿಯ ಒಬ್ಬ ಸಂಸದರೂ ಆರಿಸಿ ಬಂದಿಲ್ಲ. ಮೀಸಲು ಏಕೆ ಬೇಕಾಗಿತ್ತು ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ಗುಮ್ಮಟದ ನೆರಳು

ವಿಜಯಪುರದ ಹೆಸರು ಬಂತು, ಆದ್ದರಿಂದ ನಾನೂ ಕೈ ಹಾಕುತ್ತೇನೆ. ಏಳು ಬಾರಿ ಎಂದರೆ ನಮ್ಮ ರಮೇಶ ಜಿಗಜಿಣಗಿಯವರೂ ಏಳು ಬಾರಿ ಗೆದ್ದವರೇ. 1998, 1999, 2004ರಲ್ಲಿ ನಿಮ್ಮ ಚಿಕ್ಕೋಡಿಯಿಂದ, 2009ರಿಂದ 2024ರವರೆಗಿನ ನಾಲ್ಕು ಚುನಾವಣೆಗಳಲ್ಲಿ ವಿಜಯಪುರದಿಂದ. ಲೋಕಶಕ್ತಿ, ಸಂಯುಕ್ತ ಜನತಾದಳ, ಬಿಜೆಪಿ ಎಂದು ಪಕ್ಷದ ಚಿಹ್ನೆ ಬದಲಾಯಿತು, ಕ್ಷೇತ್ರ ಬದಲಾಯಿತು, ಗೆಲುವು ಬದಲಾಗಲಿಲ್ಲ. ಶಂಕರಾನಂದರದು ಒಂದೇ ಪಕ್ಷ, ಒಂದೇ ಕ್ಷೇತ್ರ. ಚಿಕ್ಕೋಡಿಯ ಮಣ್ಣಿನಿಂದ ಆರಂಭವಾದ ಎರಡು ದೀರ್ಘ ಸಂಸದೀಯ ಬದುಕುಗಳು ಇಷ್ಟು ಬೇರೆಯಾಗಿರುವುದು ನನಗೆ ಕುತೂಹಲದ ವಿಷಯ.

ಚಿಕ್ಕಪಡಸಲಗಿ

ಇದಕ್ಕೆ ತದ್ವಿರುದ್ಧ ಉದಾಹರಣೆ ಬಾಗಲಕೋಟೆಯದು. ಸಿದ್ದು ನ್ಯಾಮಗೌಡರು ಲೋಕಸಭೆಗೆ ಹೋದದ್ದು ಒಂದೇ ಬಾರಿ, 1991ರಲ್ಲಿ, ಅದೂ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ. ಆದರೆ ಜಮಖಂಡಿಯ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಅವರ ಹೆಸರು ಹೇಳುತ್ತಾರೆ, ಏಕೆಂದರೆ ಕೃಷ್ಣೆಗೆ ರೈತರೇ ದುಡ್ಡು ಹಾಕಿ, ಶ್ರಮದಾನ ಮಾಡಿ 1989ರಲ್ಲಿ ಕಟ್ಟಿದ ಬ್ಯಾರೇಜಿನ ಮುಂದಾಳು ಅವರು. ಬ್ಯಾರೇಜಿನ ಮೇಲೆ ನಿಂತರೆ ನೀರು ಕಣ್ಣಿಗೆ ಕಾಣುತ್ತದೆ. ಸಂವಿಧಾನದ ತಿದ್ದುಪಡಿ ಎಲ್ಲಿ ಕಾಣುತ್ತದೆ?

ಕೆಂಪು ಬಸ್ಸು

ನಾನು ಹೇಳಿದ್ದೂ ಇದನ್ನೇ. ಕಲ್ಲಿನ ಬದಲು ನೀರು ಎಂದಿದ್ದೀರಿ, ಅಷ್ಟೇ.

ಘಟಪ್ರಭಾ ಎಡದಂಡೆ

ತಿದ್ದುಪಡಿ ಎಲ್ಲಿ ಕಾಣುತ್ತದೆ ಎಂದು ಕೇಳಿದಿರಿ. ನನ್ನ ಎಡಗೈಯ ತೋರುಬೆರಳಿನಲ್ಲಿ ಕಂಡಿತ್ತು.

1989ರ ನವೆಂಬರ್‌ನಲ್ಲಿ ನನಗೆ ಹತ್ತೊಂಬತ್ತು ತುಂಬಿತ್ತು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ಹಿಂದಿನ ನಿಯಮವಿದ್ದಿದ್ದರೆ ಇನ್ನೂ ಎರಡು ವರ್ಷ ಕಾಯಬೇಕಿತ್ತು. ಕಬ್ಬು ಕಡಿಯುವ ಹಂಗಾಮು, ಬೆಳಿಗ್ಗೆ ಗದ್ದೆಗೆ ಹೋಗಿ ಒಂದು ಗಾಡಿ ತುಂಬಿಸಿಕೊಟ್ಟು, ಕೈಗೆ ಅಂಟಿದ ರವದಿಯ ತುರಿಕೆಯೊಂದಿಗೇ ಕನ್ನಡ ಶಾಲೆಯ ಮತಗಟ್ಟೆಗೆ ಬಂದೆ. ಸರದಿಯಲ್ಲಿ ನನ್ನ ಹಿಂದೆ ನಿಂತ ಹಿರಿಯರೊಬ್ಬರು "ನೀ ಯಾಕ ಬಂದೀ ತಮ್ಮಾ, ನಿಮ್ಮಪ್ಪನ ಕಳಸು" ಎಂದರು. ಮತಗಟ್ಟೆ ಅಧಿಕಾರಿ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದು ಎರಡು ಮತಪತ್ರ ಕೊಟ್ಟರು. ಹೇಗೆ ಮಡಚಬೇಕೆಂದು ತಿಳಿಯದೆ ಉದ್ದಕ್ಕೆ ಮಡಚಿದೆ, ಮುದ್ರೆಯ ಮಸಿ ಆ ಕಡೆ ಹತ್ತಿ ನನ್ನ ಮತ ಕೆಟ್ಟಿತೇನೋ ಎಂದು ಎಣಿಕೆ ಮುಗಿಯುವವರೆಗೆ ನಿದ್ದೆ ಬರಲಿಲ್ಲ.

ಆ ಮತಪತ್ರದಲ್ಲಿ ಶಂಕರಾನಂದರ ಹೆಸರಿತ್ತು. ನಾನು ಅವರಿಗೆ ಹಾಕಲಿಲ್ಲ. ನನಗೆ ಆ ಕಾಗದವನ್ನು ಕೊಡಿಸಿದ ಮಸೂದೆ ಅವರದೇ ಎಂಬುದು ನಿನ್ನೆ ಈ ಚರ್ಚೆಯಲ್ಲಿ ತಿಳಿಯಿತು.

ಅಥಣಿ ಕಾಕಾ

ತಿಳಿದಿದ್ದರೆ ಹಾಕುತ್ತಿದ್ದೆಯೇನು?

ಘಟಪ್ರಭಾ ಎಡದಂಡೆ

ಇಲ್ಲ ಕಾಕಾ. ಆದರೆ ಹಾಕದಿರುವುದಕ್ಕೂ ಮತ ಬೇಕಲ್ಲ.

ಹಿರಣ್ಯಕೇಶಿ

ಒಂದು ಸಂಶಯ. ಅವರು ಕಾನೂನು ಸಚಿವರಾಗಿದ್ದರಿಂದ ಮಂಡಿಸಿದರು, ಅಷ್ಟೇ ಅಲ್ಲವೇ? ತೀರ್ಮಾನ ಪ್ರಧಾನಿಯವರದು, ಸಂಪುಟದ್ದು. ಮಂಡಿಸಿದವರಿಗೆ ಇಷ್ಟು ಗೌರವ ಕೊಡಬೇಕೇ?

ರಾಯಬಾಗದ ವಕೀಲೆ

ಒಳ್ಳೆಯ ಪ್ರಶ್ನೆ. ಜಲಸಂಪನ್ಮೂಲ ಖಾತೆಯ ಜೊತೆಗೆ ಕಾನೂನು ಖಾತೆಯನ್ನೂ ಅವರು ರಾಜೀವ್ ಗಾಂಧಿಯವರ ಸಂಪುಟದಲ್ಲಿ ನಿರ್ವಹಿಸಿದರು. ತೀರ್ಮಾನ ಅವರೊಬ್ಬರದಲ್ಲ ಎಂಬುದು ಸರಿ. ಆದರೆ ಮಸೂದೆ ಮಂಡಿಸುವುದೆಂದರೆ ಕಾಗದ ಓದಿ ಕೂರುವುದಲ್ಲ. ಲೋಕಸಭೆಯಲ್ಲಿ ಡಿಸೆಂಬರ್ 14 ಮತ್ತು 15ರಂದು ಚರ್ಚೆಯಾಯಿತು, ರಾಜ್ಯಸಭೆ 20ರಂದು ಒಪ್ಪಿತು. ಸಂವಿಧಾನದ 326ನೆಯ ವಿಧಿಯನ್ನು ತಿದ್ದಲು ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಬಹುಮತ ಬೇಕು, ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ಒಪ್ಪಬೇಕು. ಅದೆಲ್ಲ ಮುಗಿದು 1989ರ ಮಾರ್ಚ್ 28ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅಂಕಿತ ಹಾಕಿದರು. ಮೂರೂವರೆ ತಿಂಗಳಲ್ಲಿ ಆದ ಕೆಲಸ ಇದು. ಮಾಸ್ತರರೇ, ಒಂದು ಗೊಂದಲ ತಪ್ಪಿಸಿ: ಮಸೂದೆಯ ಶೀರ್ಷಿಕೆಯಲ್ಲಿ 62ನೆಯ ತಿದ್ದುಪಡಿ ಎಂದಿದೆ, ಅಂಗೀಕಾರವಾದ ಮೇಲೆ ಅದು 61 ಆಯಿತು. ಮಕ್ಕಳಲ್ಲಿ ಯಾರಾದರೂ ಹುಡುಕಿ ನೋಡಿದರೆ ನಿಮ್ಮನ್ನು ಹಿಡಿಯುತ್ತಾರೆ.

ಅಥಣಿ ಕಾಕಾ

ಬೋಫೋರ್ಸ್ ಬಗ್ಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದು ಏಕೆ?

ನಿಪ್ಪಾಣಿಯ ಓದುಗ

ಮುಚ್ಚಿಕೊಂಡಿಲ್ಲ ಕಾಕಾ, ಸರದಿ ಬರಲೆಂದು ಕಾಯುತ್ತಿದ್ದೆವು. 1987ರ ಆಗಸ್ಟ್‌ನಲ್ಲಿ ರಚನೆಯಾದ ಬೋಫೋರ್ಸ್ ಸಮಿತಿ ದೇಶದ ಮೊದಲ ಜಂಟಿ ಸಂಸದೀಯ ತನಿಖಾ ಸಮಿತಿ. ಅಧ್ಯಕ್ಷರು ಶಂಕರಾನಂದರು. ಆಡಳಿತ ಪಕ್ಷದವರೇ ತುಂಬಿದ್ದಾರೆಂದು ವಿರೋಧ ಪಕ್ಷಗಳು ಬಹಿಷ್ಕರಿಸಿದವು. ಐವತ್ತು ಬೈಠಕ್ ನಡೆಸಿ 1988ರ ಏಪ್ರಿಲ್ 26ರಂದು ವರದಿ ಕೊಟ್ಟರು. ವ್ಯವಹಾರದಲ್ಲಿ ಲಂಚ ಸಂದಿದ್ದಕ್ಕೆ ಪುರಾವೆಯಿಲ್ಲ ಎಂಬ ಆ ವರದಿಯನ್ನು ವಿರೋಧ ಪಕ್ಷಗಳು ತಿರಸ್ಕರಿಸಿದವು, ಎಐಎಡಿಎಂಕೆಯ ಸದಸ್ಯ ಆಲಡಿ ಅರುಣಾ ಸಮಿತಿಯೊಳಗಿದ್ದೇ ಭಿನ್ನಮತ ಬರೆದರು. ನನ್ನ ಅಭಿಪ್ರಾಯ ಕೇಳಿದರೆ, ಅವರ ಹೆಸರಿಗೆ ಅಂಟಿದ ಕಲೆ ಇದೇ. ಪಕ್ಷನಿಷ್ಠೆ ಏಳು ಬಾರಿ ಟಿಕೆಟ್ ಕೊಡಿಸಿತು ಎಂದು ಮೇಲೆ ವಕೀಲೆಯವರು ಮೆಚ್ಚಿಕೊಂಡರು, ಆ ನಿಷ್ಠೆಯ ಬೆಲೆ ಇಲ್ಲಿದೆ.

ಇನ್ನೊಂದು ಸಂಗತಿ ಕಥೆಗಾರನೂ ಹೆಣೆಯಲಾರ. ದೇಶದ ಎರಡನೆಯ ಜಂಟಿ ಸಂಸದೀಯ ಸಮಿತಿ 1992ರ ಷೇರು ಹಗರಣದ ತನಿಖೆಗೆ ರಚನೆಯಾದದ್ದು. ಅದರ ವರದಿ ಎಬ್ಬಿಸಿದ ಬಿರುಗಾಳಿಯಲ್ಲಿಯೇ ಶಂಕರಾನಂದರು 1994ರ ಡಿಸೆಂಬರ್‌ನಲ್ಲಿ ನರಸಿಂಹ ರಾವ್ ಸಂಪುಟ ಬಿಡಬೇಕಾಯಿತು. ಮೊದಲ ಸಮಿತಿಯ ಅಧ್ಯಕ್ಷರನ್ನು ಎರಡನೆಯ ಸಮಿತಿ ತಟ್ಟಿತು.

ರಾಯಬಾಗದ ವಕೀಲೆ

ನಾನು ಮೆಚ್ಚಿಕೊಂಡದ್ದು ಉಳಿದುಕೊಂಡ ಜಾಣ್ಮೆಯನ್ನು, ನಿಷ್ಠೆಯನ್ನಲ್ಲ. ಉಳಿದದ್ದಕ್ಕೆ ನನ್ನ ತಕರಾರಿಲ್ಲ. ಆದರೆ 1994ರ ಆ ಡಿಸೆಂಬರಿಗೆ ಮುಂಚಿನ ಆರು ತಿಂಗಳನ್ನೂ ಹೇಳಬೇಕು. ಎರಡನೆಯ ಬಾರಿ ಆರೋಗ್ಯ ಸಚಿವರಾಗಿದ್ದ ಆ ಅವಧಿಯಲ್ಲಿ ಎರಡು ದೊಡ್ಡ ಕಾನೂನುಗಳಾದವು: ಮಾನವ ಅಂಗಾಂಗ ಕಸಿ ಕಾಯ್ದೆ, ಮತ್ತು ಹುಟ್ಟುವ ಮೊದಲೇ ಭ್ರೂಣದ ಲಿಂಗ ತಿಳಿಯುವುದನ್ನು ತಡೆಯುವ ಕಾಯ್ದೆ. ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲೆ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕ ನೋಡುತ್ತೀರಲ್ಲ, ಅದರ ಬೇರು ಅಲ್ಲಿದೆ.

ಮಲಪ್ರಭಾ

ಇಷ್ಟು ಹೊತ್ತು ಓದುತ್ತ ಸುಮ್ಮನಿದ್ದೆ. ಅಂಗಾಂಗ ಕಸಿಯ ಕಾಯ್ದೆ ಎಂದಾಗ ಬರೆಯಲೇಬೇಕೆನಿಸಿತು. ನನ್ನ ದೇಹದಲ್ಲಿರುವ ಒಂದು ಕಿಡ್ನಿ ನನ್ನ ತಂಗಿಯದು. ಆಪರೇಷನ್ನಿಗೆ ಮುಂಚೆ ನಾವಿಬ್ಬರೂ ಒಂದು ಮೇಜಿನ ಮುಂದೆ ಕೂತು ಕಾಗದಗಳಿಗೆ ಸಹಿ ಹಾಕಿದೆವು. ಆ ಕಾಗದಗಳ ಮೇಲೆ 1994 ಎಂದು ಮುದ್ರಿಸಿತ್ತು. ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಒಡಹುಟ್ಟಿದವರು ಇವರೇ ಹತ್ತಿರದ ಬಂಧುಗಳು ಎಂದು ಆ ಕಾಯ್ದೆ ಮೊದಲಿಗೆ ಗೆರೆ ಹಾಕಿತ್ತು. ಹಾಗೆ ಗೆರೆ ಹಾಕಿದ್ದು ಬಡವರ ಕಿಡ್ನಿಯ ಮಾರಾಟವನ್ನು ತಡೆಯಲು ಎಂದು ವೈದ್ಯರು ವಿವರಿಸಿದರು. ರೇಷನ್ ಕಾರ್ಡಿನಲ್ಲಿ ತಂಗಿಯ ಹೆಸರು ಒಂದು ಅಕ್ಷರ ತಪ್ಪಾಗಿದ್ದುದಕ್ಕೆ ಹನ್ನೊಂದು ದಿನ ಅಲೆದೆವು. ಆಗ ಆ ಕಾಯ್ದೆ ಮಾಡಿದವರನ್ನು ಮನಸಾರೆ ಶಪಿಸಿದ್ದೇನೆ. ನಮ್ಮ ಪಕ್ಕದ ಕ್ಷೇತ್ರದವರೆಂದು ತಿಳಿದಿರಲಿಲ್ಲ.

ಕೆಂಪು ಬಸ್ಸು

ಅಕ್ಕಾ, ಈಗ ಆರೋಗ್ಯ ಹೇಗಿದೆ?

ಮಲಪ್ರಭಾ

ಒಂಬತ್ತನೆಯ ವರ್ಷ ನಡೆಯುತ್ತಿದೆ. ಚೆನ್ನಾಗಿದ್ದೇವೆ, ಇಬ್ಬರೂ.

ಗುಮ್ಮಟದ ನೆರಳು

ಮಾಸ್ತರರೇ, ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಲೋಕಸಭೆಯ ಹಳೆಯ ಚರ್ಚೆಗಳು ಸಿಗುತ್ತವೆ. 1988ರ ಡಿಸೆಂಬರಿನ ಆ ಎರಡು ದಿನಗಳ ಪುಟಗಳನ್ನು ತೆಗೆದು ಮಕ್ಕಳಿಗೆ ತೋರಿಸಿ. ಹದಿನೆಂಟಕ್ಕೆ ಬುದ್ಧಿ ಬಲಿತಿರುತ್ತದೆಯೇ ಎಂದು ದೊಡ್ಡವರು ತಮ್ಮ ಬಗ್ಗೆ ಚರ್ಚಿಸಿದ್ದನ್ನು ಓದಲು ಹದಿನೈದರ ಮಕ್ಕಳಿಗೆ ಖುಷಿಯಾಗುತ್ತದೆ.

ಚಿಕ್ಕೋಡಿ ಮಾಸ್ತರ

ಎಲ್ಲರಿಗೂ ಧನ್ಯವಾದ. ನಾನು ಮಾಡಬೇಕೆಂದಿರುವುದನ್ನು ಹೇಳಿಬಿಡುತ್ತೇನೆ. 1925ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು ಎಂಬುದಕ್ಕೆ ಎರಡು ಸಾಲು, ಹುದ್ದೆಗಳಿಗೆ ನಾಲ್ಕು ಸಾಲು. ಬೋಫೋರ್ಸ್ ವರದಿಯನ್ನು ಮುಚ್ಚಿಡುವುದಿಲ್ಲ. ನಿಪ್ಪಾಣಿಯ ತಂಬಾಕಿನ ಪ್ರಶ್ನೆಯನ್ನು ಉತ್ತರ ಹೇಳದೆ ಅವರ ಮುಂದೆ ಇಟ್ಟು, ಎರಡು ಗುಂಪು ಮಾಡಿ ವಾದಕ್ಕೆ ಬಿಡುತ್ತೇನೆ. ಪ್ರಶ್ನೆ ಕೇಳಿದ ಹುಡುಗಿಗೆ ಮಸೂದೆಯ ಕೊನೆಯ ಪುಟವನ್ನು ಓದಲು ಕೊಡುತ್ತೇನೆ.

ಘಟಪ್ರಭಾ ಎಡದಂಡೆಯವರೇ, ಒಂದು ವಿನಂತಿ. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತೇವೆ. ಹತ್ತು ಗಂಟೆಗೆ ಬಂದು ಆ ಮತಪತ್ರವನ್ನು ಮಡಚಿದ್ದನ್ನು ಮಕ್ಕಳಿಗೆ ತೋರಿಸಲು ಸಾಧ್ಯವೇ?

ಘಟಪ್ರಭಾ ಎಡದಂಡೆ

ಬರುತ್ತೇನೆ ಸರ. ಕಬ್ಬಿನ ಗಾಡಿ ಬೆಳಿಗ್ಗೆ ಬೇಗ ಹೊರಟರೆ ಹತ್ತಕ್ಕೆ, ಇಲ್ಲವಾದರೆ ಹತ್ತೂವರೆ. ಎರಡು ಉದ್ದನೆಯ ಕಾಗದ ಮತ್ತು ಒಂದು ಮಸಿಯ ಪ್ಯಾಡ್ ತೆಗೆದಿಡಿ.

ಅಥಣಿ ಕಾಕಾ

ಈ ಸಲ ಅಡ್ಡಕ್ಕೆ ಮಡಚು.